ಅಧ್ಯಕ್ಷನ ಮೇಲೆ ಎತ್ತಿದ ಕೈ

ಹೋದ ತಿಂಗಳು ಹಾಸನದಲ್ಲಿ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಛತ್ರದಲ್ಲಿ ಹೋಳಿಗೆ ಊಟ. ಕೈ ತೊಳೆಯಲು ಹಿತ್ತಲಿಗೆ ಹೋದರೆ ಅಲ್ಲಿ ಅಡಿಗೆಯವರು ತಮಗೆಂದು ಬೇರೆ ಒಲೆ ಹೂಡಿ ಹುರುಳಿಕಟ್ಟಿನ ಸಾರು ಕುದಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ತೊಳೆಯದ ಕೈಯಲ್ಲೇ ಹಿಂದೆ ಸರಿದೆ. ಅಸಹ್ಯಕ್ಕಲ್ಲ, ಭಯಕ್ಕೆ. ಜನ್ಮವೆಲ್ಲ ಕೋರ್ಟಿನಲ್ಲಿ ಅರಚಿ ಗಂಟಲು ಕೆಡಿಸಿಕೊಂಡ ಮುದುಕ ಸಾರಿನ ವಾಸನೆಗೆ ಹೆದರಿದ ಎಂದರೆ ಮೊಮ್ಮಕ್ಕಳು ನಕ್ಕಾರು. ಆದರೆ ಆ ಮಳೆಗಾಲದಲ್ಲಿ ನಮ್ಮ ವಿದ್ಯಾರ್ಥಿನಿಲಯದ ಜಗಲಿಯ ಮೇಲೆ ಕೂತಿದ್ದವರಲ್ಲಿ ಯಾರು ಬದುಕಿದ್ದರೂ ನಗುವುದಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಅದು. ನಾನು ಹಾಸನದಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ನಮ್ಮದು ಅರಕಲಗೂಡು, ಅಪ್ಪನಿಗೆ ಪೇಟೆ ಬೀದಿಯಲ್ಲಿ ಬೆಲ್ಲ, ಮೆಣಸಿನಕಾಯಿಯ ಅಂಗಡಿ. ವಿದ್ಯಾರ್ಥಿನಿಲಯ ಎಂದರೆ ದೊಡ್ಡ ಮಾತು, ಹೆಂಚಿನ ಒಂದು ಉದ್ದನೆಯ ಮನೆ. ಪ್ರತಿಯೊಬ್ಬನೂ ಊರಿಂದ ರಾಗಿ ಹೊತ್ತು ತಂದು ಅಡಿಗೆಮನೆಗೆ ಒಪ್ಪಿಸಬೇಕು. ಯುದ್ಧ ಮುಗಿದಿದ್ದರೂ ರೇಷನ್ನು ಮುಗಿದಿರಲಿಲ್ಲ. ಲೆವಿಗೆಂದು ಸರ್ಕಾರದವರು ಕಣದಲ್ಲೇ ಕಾಳು ಅಳೆದುಕೊಂಡು ಹೋಗುತ್ತಿದ್ದ ಕಾಲ. ಹಾಗಾಗಿ ರಾಗಿ ನಮ್ಮಲ್ಲಿ ಚಿನ್ನಕ್ಕಿಂತ ಒಂದು ತೂಕ ಹೆಚ್ಚೇ ಇತ್ತು.

ನಮಗೆ ಇತಿಹಾಸ ಹೇಳುತ್ತಿದ್ದವರು ಸುಬ್ಬರಾಯರು. ಬಡಕಲು ಮನುಷ್ಯ, ಉಬ್ಬಸದ ರೋಗಿ. ಎರಡು ವಾಕ್ಯ ಹೇಳಿ ಒಂದು ಸಲ ಉಸಿರು ಎಳೆದುಕೊಳ್ಳುತ್ತಿದ್ದರು. ಆ ವರ್ಷ ನಮಗೆ ಅಮೆರಿಕದ ರಾಜಕೀಯ ಚರಿತ್ರೆ, ಅಲ್ಲಿನ ಸರ್ಕಾರದ ರೀತಿ ಒಂದು ಭಾಗವಾಗಿತ್ತು. ಇಂಗ್ಲೆಂಡಿನ ರಾಜರ ಪಟ್ಟಿ ಬಾಯಿಪಾಠ ಮಾಡಿ ಬೇಸತ್ತಿದ್ದ ನಮಗೆ ಮೊದಲ ದಿನವೇ ಅವರು ಹೇಳಿದ ಮಾತು ಇದು.

"ಅಲ್ಲಿ ರಾಜ ಇಲ್ಲ ಕಣ್ರಯ್ಯ. ರಾಜ ಬೇಡ ಅಂತ ಓಡಿಸಿದರು. ಓಡಿಸಿದ ಮೇಲೆ ನಿದ್ದೆ ಬರಲಿಲ್ಲ ಅವರಿಗೆ. ನಾವೇ ಆರಿಸಿದವನು ನಾಳೆ ರಾಜನ ಹಾಗೆ ಆಡಿದರೆ ಏನು ಮಾಡೋದು? ಇಡೀ ಕಾನೂನು ಈ ಒಂದು ಭಯದಿಂದ ಹುಟ್ಟಿದ್ದು."

ಮಹಾರಾಜರ ಸಂಸ್ಥಾನದಲ್ಲಿ ಹುಟ್ಟಿ ಬೆಳೆದ ನಮಗೆ ಈ ಮಾತು ಕೇಳಿ ಬಾಗಿಲ ಕಡೆ ನೋಡುವಂತಾಯಿತು. ಆದರೆ ರುಚಿಯೂ ಹತ್ತಿತು. ಓದಿದ್ದು ತಲೆಗೆ ಇಳಿಯಬೇಕಾದರೆ ಮಾಡಿ ನೋಡಬೇಕು ಎಂದು ಅವರೇ ಹುರಿದುಂಬಿಸಿ, ನಮ್ಮ ಊಟದ ಮನೆಗೆ ಒಂದು ಸಂವಿಧಾನ ಬರೆಸಿದರು. ಒಬ್ಬ ಅಧ್ಯಕ್ಷ, ಅವನ ಮೇಲೆ ಕಣ್ಣಿಡಲು ಸಭೆ. ಅಧ್ಯಕ್ಷ ತಪ್ಪು ಮಾಡಿದರೆ ಸಭೆಯ ಮುಂದೆ ವಿಚಾರಣೆ. ಮೂರರಲ್ಲಿ ಎರಡು ಪಾಲು ಕೈ ಎತ್ತಿದರೆ ಅವನು ಇಳಿಯಬೇಕು. ಚನ್ನರಾಯಪಟ್ಟಣದ ಶಿವನಂಜ, ನಮ್ಮಲ್ಲೆಲ್ಲ ದೊಡ್ಡ ಹೊಟ್ಟೆಯವನು, ಅಮೆರಿಕದವರ ಪುಸ್ತಕದಿಂದಲೇ ಒಂದು ನಿಯಮ ಹೆಕ್ಕಿ ಸೇರಿಸಿದ. ಶಿಕ್ಷೆ ಎಂದರೆ ಕುರ್ಚಿ ಬಿಡಿಸುವುದು, ಮತ್ತೆಂದೂ ಅಧಿಕಾರ ಕೊಡದಿರುವುದು, ಅಷ್ಟೇ. ಅದರಾಚೆಗೆ ಹೋಗುವಂತಿಲ್ಲ. "ಕುರ್ಚಿ ಬುಡ್ಸಿ, ಊಟ ಬುಡುಸ್ಬ್ಯಾಡಿ" ಎಂದು ಅವನು ಅದರ ಭಾಷ್ಯ ಹೇಳಿದ್ದ. ನಾನು ಜಂಬಕ್ಕೆ ಅದೇ ಪುಸ್ತಕದ ಇನ್ನೊಂದು ಸೇರಿಸಿದೆ: ಯಾರೂ ತನ್ನ ಮೇಲೆ ತಾನೇ ಸಾಕ್ಷಿ ಹೇಳಬೇಕಾಗಿಲ್ಲ. ಎಲ್ಲರೂ ನಕ್ಕರು. ನಮ್ಮ ಕಡೆ ಪಂಚಾಯ್ತಿಯಲ್ಲಿ ಮೊದಲು ಕೇಳುವುದೇ ಆರೋಪ ಹೊತ್ತವನನ್ನು, ಇದ್ಯಾವ ಸೀಮೆಯ ನ್ಯಾಯ ಎಂದರು.

ನಿಲಯದ ಮೇಲ್ವಿಚಾರಕರು ವೀರಭದ್ರಯ್ಯನವರು. ಅಮಲ್ದಾರರ ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತಿಯಾದವರು. ಸರ್ಕಾರ ಎಂದರೆ ದೇವರು. ಅವರಿಗೆ ನಮ್ಮ ಸಂವಿಧಾನ ಆಟದಂತೆ ಕಂಡಿತು. ನಗುತ್ತಾ ಕೆಳಗೆ ರುಜು ಹಾಕಿ, ಯಾರೋ ದೊಡ್ಡ ಅಧಿಕಾರಿ ಬಂದಾಗ "ನಮ್ಮ ಹುಡುಗರ ಶಿಸ್ತು ನೋಡಿ" ಎಂದು ತೋರಿಸಿಯೂ ಇದ್ದರು. ಅಧ್ಯಕ್ಷನಾಗಿ ಆಯ್ಕೆಯಾದವನು ಹೊಳೆನರಸೀಪುರದ ಕಡೆಯ ಗೌಡರ ಹುಡುಗ ಕೆಂಚೇಗೌಡ, ನನ್ನ ಜೀವದ ಗೆಳೆಯ. ಮಾತು ಕಡಿಮೆ. ಹೊಲದಲ್ಲಿ ದುಡಿದ ಕೈ, ಒಂದೊಂದು ಬೆರಳೂ ನೇಗಿಲ ಹಿಡಿಯಷ್ಟು ದಪ್ಪ.

ಸ್ವಾತಂತ್ರ್ಯ ಬಂತು. ಬಾವುಟ ಹಾರಿತು, ಸಕ್ಕರೆ ಹಂಚಿದರು. ಮೈಸೂರು ಸಂಸ್ಥಾನದಲ್ಲಿ ಮಾತ್ರ ಹಳೆಯ ದಿವಾನಗಿರಿಯೇ ಮುಂದುವರಿಯಿತು. ಜನ ಆರಿಸಿದ ಜವಾಬ್ದಾರಿ ಸರ್ಕಾರ ಕೊಡಿ ಎಂದು ಭಾದ್ರಪದದ ಮಳೆಯಲ್ಲಿ ಜನ ಬೀದಿಗಿಳಿದರು. ಕಚೇರಿಗಳ ಮುಂದೆ ಪಿಕೆಟಿಂಗು, ಲಾಠಿ, ಜೈಲು. ಊರೂರಿನಲ್ಲಿ ಗೋಡೆಗಳ ಮೇಲೆ ಕರಪತ್ರಗಳು ಅಂಟಿಕೊಳ್ಳುತ್ತಿದ್ದವು.

ಅಂಥ ಒಂದು ದಿನ ಸುಬ್ಬರಾಯರು ಅಮೆರಿಕದ ಒಬ್ಬ ಅಧ್ಯಕ್ಷನ ವಿಚಾರಣೆಯ ಕಥೆ ಹೇಳುತ್ತಿದ್ದರು. ಅಲ್ಲಿನ ಒಳಯುದ್ಧ ಮುಗಿದ ಹೊಸತರಲ್ಲಿ ನಡೆದದ್ದು. ಮೇಲ್ಮನೆಯಲ್ಲಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ತಪ್ಪಿತಸ್ಥನೋ ಅಲ್ಲವೋ ಎಂದು ಕೇಳುತ್ತಿದ್ದಾರೆ. ಎಣಿಕೆ ಅಂಚಿಗೆ ಬಂದು ನಿಂತಿದೆ. ಅಷ್ಟರಲ್ಲಿ ನಮ್ಮ ಕಾಲೇಜಿನ ಗಂಟೆ ಬಾರಿಸಿತು. "ಉಳಿದನೋ ಹೋದನೋ ನಾಳೆ ಹೇಳ್ತೀನಿ" ಎಂದು ಕೊಡೆ ತೆಗೆದುಕೊಂಡು ಹೊರಟರು. ಮಾರನೆಯ ದಿನ ಅವರು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ರಾಜೀನಾಮೆ ಕೊಟ್ಟಿದ್ದಾರಂತೆ, ಕರಪತ್ರ ಬರೆಯುತ್ತಿದ್ದವರು ಅವರೇ ಅಂತೆ, ವಾರಂಟು ಹೊರಟಿದೆಯಂತೆ ಎಂಬ ಸುದ್ದಿ ಬಂತು. ಪುಸ್ತಕ ಇದ್ದದ್ದು ಒಂದೇ, ಅದೂ ಅವರ ಕೈಯಲ್ಲೇ ಹೋಯಿತು.

ಅದೇ ವಾರದಿಂದ ನಮ್ಮ ಮುದ್ದೆ ಸಣ್ಣದಾಗತೊಡಗಿತು. ತೆಂಗಿನಕಾಯಿ ಗಾತ್ರದ್ದು ಬೇಲದ ಹಣ್ಣಿನಷ್ಟಾಯಿತು. ಮೊದಲು ಕಂಡುಕೊಂಡವನು ಶಿವನಂಜ. ಹಿಟ್ಟು ಅಷ್ಟೇ ಬೀಳುತ್ತಿದೆ, ಮುದ್ದೆ ಮಾತ್ರ ನಮ್ಮ ತಲೆಗಳ ಲೆಕ್ಕಕ್ಕಿಂತ ಹೆಚ್ಚು ಕಟ್ಟುತ್ತಿದ್ದಾರೆ, ಹೆಚ್ಚಿನವು ಎಲ್ಲಿಗೆ ಹೋಗುತ್ತವೆ ಎಂದು ಅಡಿಗೆ ಚಿಕ್ಕಣ್ಣನನ್ನು ಹಿಡಿದ. "ಅದ್ಯಕ್ಸರು ಕಟ್ಟು ಅಂದ್ರು, ಕಟ್ದೆ. ನನ್ನೇನ್ ಕೇಳೀರಿ" ಎಂದು ಅವನು ಒಲೆ ಊದತೊಡಗಿದ. ಶಿವನಂಜ ಜಗಲಿಗೆ ಬಂದು ಎಲ್ಲರ ಮುಂದೆ ಕೇಳಿದ.

"ಕೆಂಚ, ಮುದ್ದೆ ಎಲ್ಲಿಗೋಯ್ತಾವ್ಲಾ?"

ಕೆಂಚ ಎದ್ದು ಹೋಗಿ ಕಾಲು ತೊಳೆದುಕೊಂಡ. ಹಸಿದ ಹೊಟ್ಟೆಗಳ ಮುಂದೆ ಸುಮ್ಮನಿರುವುದು ಸುಲಭವಲ್ಲ. ಮೂರು ದಿನದಲ್ಲಿ ಅವನನ್ನು ಮುದ್ದೆಗಳ್ಳ ಎಂದು ಕರೆಯುವುದು ಶುರುವಾಯಿತು. ಶಿವನಂಜ ಸಂವಿಧಾನದ ಪ್ರಕಾರ ಆರೋಪ ಬರೆದು ಕೊಟ್ಟ. ಭಾನುವಾರ ವಿಚಾರಣೆ ಎಂದಾಯಿತು. ಕೆಂಚನ ಪರ ಮಾತಾಡುವವನು ನಾನು.

ಇಷ್ಟಾದರೂ ಹುಡುಗರ ಜಗಳವೇ. ಭಯ ಬಂದದ್ದು ವೀರಭದ್ರಯ್ಯನವರು ಕಿವಿ ನೆಟ್ಟಗೆ ಮಾಡಿದ ಮೇಲೆ. ಅವರು ಕೆಂಚನನ್ನು ಕರೆದು ಒಳ್ಳೆಯ ಮಾತಿನಲ್ಲಿ ಕೇಳಿದರು, ಗದರಿಸಿದರು. ಆಮೇಲೆ ಇಡೀ ನಿಲಯಕ್ಕೆ ಕೇಳುವ ಹಾಗೆ ಹೇಳಿದರು: "ಭಾನುವಾರ ನಾನೂ ಕೂರ್ತೀನಿ. ಬಾಯಿ ಬಿಡದಿದ್ದರೆ ಹಾಸನಮ್ಮನ ಬಾಗಿಲಿಗೆ ಕರ್ಕೊಂಡು ಹೋಗ್ತೀನಿ. ಕರ್ಪೂರ ಆರಿಸಿ ಆಣೆ ಮಾಡಲಿ."

ನಮ್ಮ ಸೀಮೆಯಲ್ಲಿ ಈ ಮಾತಿಗೆ ಮೇಲೆ ಮಾತಿಲ್ಲ. ಹಾಸನಮ್ಮನ ಗುಡಿ ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ. ಉಳಿದ ಕಾಲ ಬಾಗಿಲು ಮುಚ್ಚಿರುತ್ತದೆ. ಆ ಮುಚ್ಚಿದ ಬಾಗಿಲ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ ಸುಳ್ಳು ಹೇಳಿದವನು, ಬಾಗಿಲು ತೆರೆದು ತಾಯಿ ಕಣ್ಣು ಬಿಡುವ ಹೊತ್ತಿಗೆ ಜೀವದಿಂದ ಉಳಿಯುವುದಿಲ್ಲ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಬಾಗಿಲು ತೆರೆಯುವ ಕಾಲ ಹತ್ತಿರ ಬಂದಿತ್ತು.

ಶನಿವಾರ ಸಂಜೆ ಕೆಂಚನನ್ನು ಊರಾಚೆಯ ಕೆರೆ ಏರಿಯ ಮೇಲೆ ಹಿಡಿದೆ. ಜಿನುಗುಮಳೆ. ಕಂಬಳಿ ಕೊಪ್ಪೆಯೊಳಗೆ ಅವನ ಮುಖ ಕಾಣುತ್ತಿರಲಿಲ್ಲ.

"ನಂಗಾದ್ರೂ ಯೋಳು. ಏನೂ ಗೊತ್ತಿಲ್ದೆ ಏನಂತ ವಾದ ಮಾಡ್ಲಿ?"

"ಯೋಳುದ್ರೆ ನಾಳೆ ನಿನ್ನೂ ಕೇಳ್ತಾರೆ. ಗೊತ್ತಿಲ್ದಿದ್ರೆ ನಿಂಗೇ ವಾಸಿ."

"ಸುಮ್ಕೆ ಒಂದ್ ಸುಳ್ಳು ಆಣೆ ಮಾಡ್ಬುಡು. ನಾಯಿಗಾಕ್ದೆ ಅನ್ನು."

"ತಾಯಿ ಬಾಗ್ಲು ಮುಂದೆ ಸುಳ್ಳಾಡಾಕಾಗಕಿಲ್ಲ ಕಣ್ಲಾ. ಅಲ್ಲಿ ನಿಂತ್ರೆ ನಿಜ ಬಂದ್ಬುಡ್ತದೆ. ಅದ್ಕೇ ಎದ್ರಿಕೆ ನಂಗೆ."

ಸ್ವಲ್ಪ ದೂರ ನಡೆದೆವು. ಅವನು ತನ್ನಷ್ಟಕ್ಕೆ ತಾನೇ ಎಂಬಂತೆ ಬೇಸರದಿಂದ ಹೇಳಿದ: "ಮುದ್ದೆ ಅಗೀಬಾರ್ದು, ನುಂಗ್ಬೇಕು ಅಂತ ಎಷ್ಟ್ ಯೋಳುದ್ರೂ ಕೇಳಕಿಲ್ಲ. ಅಗ್ದು ಅಗ್ದು, ಹಲ್ಲಿಗಂಟಿ, ಅದ್ರ ಮ್ಯಾಲೆ ಕೆಮ್ಮು."

ನಾನು ನಿಂತುಬಿಟ್ಟೆ. ಹಾಸನ ಸೀಮೆಯಲ್ಲಿ ಮುದ್ದೆಯನ್ನು ಅಗಿದು ತಿನ್ನುವವರು ಯಾರು? ಮುದ್ದೆ ಉಂಡು ಅಭ್ಯಾಸವೇ ಇಲ್ಲದವರು. ಅದರ ಮೇಲೆ ಉಬ್ಬಸದ ಕೆಮ್ಮು ಬೇರೆ: ನಮ್ಮ ಮೇಷ್ಟ್ರು. ಕೆಂಚ ನನ್ನ ಮುಖ ನೋಡಿದ. ತಾನು ಏನು ಆಡಿಬಿಟ್ಟೆ ಎಂದು ಅವನಿಗೂ ಗೊತ್ತಾಯಿತು.

"ಬೂವನಹಳ್ಳಿ ಕಡೆ ಒಂದ್ ಹೊಲದ್ ಗುಡ್ಲು" ಎಂದ. "ಜತೆಗೆ ಇನ್ನಿಬ್ರವ್ರೆ. ಬಂದೀಖಾನೆ ಗಾಳಿಗೆ ಆ ಜೀವ ತಡೀತದಾ, ನೀನೇ ಯೋಳು."

ಆ ರಾತ್ರಿ ಅಮೆರಿಕದ ಕಾನೂನನ್ನೆಲ್ಲ ತಲೆಯೊಳಗೆ ತಿರುವಿ ಹಾಕಿದೆ. ಮೂರರಲ್ಲಿ ಒಂದು ಪಾಲಿಗಿಂತ ಒಬ್ಬನೇ ಒಬ್ಬ ಹೆಚ್ಚಾಗಿ ನಮ್ಮ ಕಡೆ ಬಂದರೂ ಕೆಂಚ ಉಳಿಯುತ್ತಾನೆ. ಯಾರು ಯಾರ ಕಾಲು ಹಿಡಿಯಬೇಕೆಂದು ಲೆಕ್ಕ ಹಾಕಿ, ಕೆಲವರನ್ನು ಕೇಳಿಕೊಂಡು ಮಲಗಿದೆ. ಆ ಅಧ್ಯಕ್ಷ ಉಳಿದನೋ ಹೋದನೋ ಎಂಬುದೊಂದು ಗೊತ್ತಿದ್ದರೆ ಧೈರ್ಯ ಬರುತ್ತಿತ್ತೇನೋ. ಅದನ್ನು ಹೇಳಬೇಕಾದವರು ಗುಡಿಸಲಲ್ಲಿ ಕೆಮ್ಮುತ್ತಿದ್ದರು.

ಭಾನುವಾರ ಮಧ್ಯಾಹ್ನ. ಹೆಂಚಿನ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಚಿಕ್ಕಣ್ಣ ಹುರುಳಿ ಬೇಯಲು ಇಟ್ಟಿದ್ದ. ಕಟ್ಟು ಇಳಿಯುವ ವಾಸನೆ ಜಗಲಿಗೆಲ್ಲ ಹರಡಿತ್ತು. ವೀರಭದ್ರಯ್ಯನವರು ಬಂದರು. ಕೈಯಲ್ಲಿ ಹಿತ್ತಾಳೆ ತಟ್ಟೆ, ಅದರಲ್ಲಿ ಕರ್ಪೂರದ ಪೊಟ್ಟಣ. ಅವರ ಹಿಂದೆ ಪೊಲೀಸು ದಫೇದಾರ. ನೆಂದ ರುಮಾಲು ತೆಗೆದು ಹಿಂಡಿ, ಮತ್ತೆ ಇಟ್ಟುಕೊಂಡು, ಕಂಬಕ್ಕೆ ಒರಗಿ ಬೆಂಚಿನ ಮೇಲೆ ಕೂತ.

ಮುದ್ದೆ ಕಳುವಿಗೆ ದಫೇದಾರ ಬರುವುದಿಲ್ಲ ಎಂಬಷ್ಟು ಬುದ್ಧಿ ಎಲ್ಲರಿಗೂ ಇತ್ತು. ಮುದ್ದೆ ಸಣ್ಣದಾದದ್ದು ಯಾವಾಗಿನಿಂದ, ಮೇಷ್ಟ್ರು ಕಾಣದಾದದ್ದು ಯಾವಾಗಿನಿಂದ ಎಂದು ಪ್ರತಿಯೊಬ್ಬನೂ ತನ್ನೊಳಗೇ ಜೋಡಿಸುತ್ತಿದ್ದದ್ದು ನನಗೆ ಮುಖಗಳಲ್ಲಿ ಕಂಡಿತು. ಶಿವನಂಜ ಮಾತ್ರ ದಫೇದಾರನ ಬೂಟನ್ನೇ ನೋಡುತ್ತಿದ್ದ. ನನಗೆ ಅವನದೇ ಹೆದರಿಕೆ. ಹಸಿದವನು, ಹಟಮಾರಿ, ಕೆಂಚನನ್ನು ಕಂಡರಾಗದವನು.

ನಾನು ಎದ್ದು ನಿಂತು ನನ್ನ ನಿಯಮ ಓದಿದೆ. ಯಾರೂ ತನ್ನ ಮೇಲೆ ತಾನೇ ಸಾಕ್ಷಿ ಹೇಳಬೇಕಾಗಿಲ್ಲ.

"ಮೌನಂ ಸಮ್ಮತಿ ಲಕ್ಷಣಂ" ಎಂದರು ವೀರಭದ್ರಯ್ಯನವರು. "ನಿಮ್ಮ ಅಮೆರಿಕ ಹುಟ್ಟೋದಕ್ಕೆ ಮುಂಚಿನ ಮಾತು ಅದು. ಇರಲಿ, ಸಾಕ್ಷಿ ಬೇಡ. ಆಣೆ ಸಾಕ್ಷಿ ಅಲ್ಲವಲ್ಲ, ಅದು ದೇವರ ಕೆಲಸ. ಏಳಪ್ಪ ಕೆಂಚೇಗೌಡ, ಹೋಗೋಣ."

ಅಮೆರಿಕದಲ್ಲಿ ಹಾಸನಮ್ಮ ಇಲ್ಲ. ಕೆಂಚ ನಿಧಾನವಾಗಿ ಎದ್ದು ನಿಂತ. ಅಂಗೈಯನ್ನು ಪಂಚೆಗೆ ಒರೆಸಿಕೊಂಡ. ಮೇಷ್ಟ್ರ ಕಥೆ ಮುಗಿಯಿತು ಎಂದುಕೊಂಡೆ.

"ತಡೀರಿ ಸಾ" ಎಂದ ಶಿವನಂಜ. "ಆರೋಪ ನಂದು. ನಾನಿನ್ನೂ ಮಾತೇ ಆಡಿಲ್ಲ."

ಅವನು ಜಗಲಿಯ ನಡುವೆ ಬಂದ. ಕೆಂಚನ ಕಡೆ ತಿರುಗಿಯೂ ನೋಡಲಿಲ್ಲ.

"ಮುದ್ದೆ ಕಡಿಮೆ ಬಿದ್ದದ್ದು ನಿಜವಾ? ನಿಜ. ಅದ್ಯಕ್ಸನ್ ಕೆಲ್ಸ ಮುದ್ದೆ ಕಾಯೋದು. ಕಾಯ್ಲಿಲ್ಲ. ಇದ್ರಾಗೆ ಕೇಳೋದೇನೈತೆ? ತಪ್ಪು ಅನ್ನೋರು ಕೈ ಎತ್ರಪ್ಪ."

ಮೊದಲ ಕೈ ಅವನದೇ. ಆಮೇಲೆ ಮೂಲೆಯಲ್ಲಿ ಕೂತಿದ್ದವನು, ಹಿಂದಿನ ರಾತ್ರಿ ನಮ್ಮ ಕಡೆ ಬರುತ್ತೇನೆಂದು ನನಗೆ ಮಾತು ಕೊಟ್ಟವನು, ಕೈ ಎತ್ತಿದ. ಅವನ ಪಕ್ಕದವನು ಎತ್ತಿದ. ನಾನು ಒಬ್ಬೊಬ್ಬರ ಮುಖವನ್ನೂ ಬೇಡಿಕೊಳ್ಳುವಂತೆ ನೋಡಿದೆ. ಎಲ್ಲರೂ ದಫೇದಾರನನ್ನು ನೋಡುತ್ತಾ ಕೈ ಎತ್ತುತ್ತಿದ್ದರು. ಆಗ, ತಡವಾಗಿ, ನನ್ನ ಮಂದ ತಲೆಗೆ ಹೊಳೆಯಿತು. ಕೆಂಚ ಗೆದ್ದರೆ ಮುದ್ದೆ ಯಾರಿಗೆ ಹೋಯಿತೆಂಬ ವಿಚಾರಣೆ ನಾಳೆಗೂ ಉಳಿಯುತ್ತದೆ. ಸೋತರೆ ತಪ್ಪು ಅವನದೇ ಎಂದು ಇಲ್ಲಿಗೇ ಮುಗಿಯುತ್ತದೆ.

"ರುದ್ರ, ನಿನ್ ಕೈ?" ಎಂದ ಶಿವನಂಜ ನನ್ನ ಕಡೆ ತಿರುಗಿ.

ಕೆಂಚ ನನ್ನನ್ನು ನೋಡಿ, ಎತ್ತು ಎಂಬಂತೆ ರೆಪ್ಪೆ ಇಳಿಸಿದ. ನಾನು ಕೈ ಎತ್ತಿದೆ. ಅದಾದ ಮೇಲೆ ಎಷ್ಟೋ ಕೋರ್ಟುಗಳಲ್ಲಿ ಈ ಕೈ ಆಡಿಸಿದ್ದೇನೆ. ಅಷ್ಟು ಭಾರವಾದದ್ದು ಇನ್ನೊಮ್ಮೆ ಇಲ್ಲ.

"ಒಬ್ಬನೂ ಬಾಕಿ ಇಲ್ಲ. ಕುರ್ಚಿ ಓಯ್ತು. ಕೇಸು ಮುಗೀತು" ಎಂದ ಶಿವನಂಜ.

"ಮುಗಿಯೋದು ಎಂಥದ್ದು?" ವೀರಭದ್ರಯ್ಯನವರ ಮುಖ ಕೆಂಪಾಗಿತ್ತು. "ಯಾರಿಗೆ ಕೊಟ್ಟ ಅಂತ ತಿಳೀಬೇಡವೇ? ಆಣೆ?"

"ತಪ್ಪು ಇತ್ಯರ್ಥ ಆದ್ಮ್ಯಾಕೆ ಆಣೆ ಎಲ್ಲೈತೆ ಸಾ? ನಮ್ಮೂರ್ ನ್ಯಾಯದಾಗೂ ಇಲ್ಲ, ಅಮೆರಿಕದಾಗೂ ಇಲ್ಲ. ಕುರ್ಚಿ ಬುಡ್ಸೋದ್ರಿಂದಾಚೆಗೆ ಓಗಂಗಿಲ್ಲ ಅಂತ ಬರ್ದೈತೆ. ಕೆಳಗಡೆ ತಮ್ಮ ರುಜು ಅದೆ."

ದಫೇದಾರ ಎದ್ದ. ಮೊಣಕಾಲು ಹಿಡಿದುಕೊಂಡು, ಬೇಜಾರಿನಿಂದ ಮಳೆ ನೋಡಿದ. "ಮುದ್ದೆ ಪಂಚಾಯ್ತಿಗೆ ಈ ಮಳ್ಯಾಗೆ ನನ್ನ ಕರ್ಸುದ್ರಾ ಸ್ವಾಮಿ" ಎಂದು ಮೆಟ್ಟಿಲಿಳಿದು ಹೋದ. ವೀರಭದ್ರಯ್ಯನವರು ಕರ್ಪೂರದ ತಟ್ಟೆಯನ್ನು ಎತ್ತಿಕೊಂಡು, ಅವನ ಹಿಂದೆಯೇ ಏನೋ ಹೇಳುತ್ತಾ ನಡೆದರು.

ಸಂಜೆಯೇ ಹೊಸ ಅಧ್ಯಕ್ಷನ ಆಯ್ಕೆ. ಶಿವನಂಜನ ಹೆಸರು ಬಿಟ್ಟು ಬೇರೆ ಹೆಸರು ಬರಲಿಲ್ಲ. ಅವನು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಚಿಕ್ಕಣ್ಣನಿಗೆ ಎಷ್ಟು ಮುದ್ದೆ ಕಟ್ಟಬೇಕೆಂದು ಹೇಳಿದ. ಕೆಂಚ ಹೇಳುತ್ತಿದ್ದ ಲೆಕ್ಕವೇ. ಯಾರೂ ತಲೆ ಎತ್ತಲಿಲ್ಲ. ಬೇಲದ ಹಣ್ಣಿನಷ್ಟಿದ್ದ ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ಎಲ್ಲರೂ ನುಂಗಿದೆವು. ಕೆಂಚನ ಮೇಲೆ ಕಣ್ಣು ಇದ್ದೀತೆಂದು ಆಮೇಲೆ ಗುಡಿಸಲಿಗೆ ಬುತ್ತಿ ಹೊತ್ತವನು ಶಿವನಂಜ. ದಾರಿಯಲ್ಲಿ ಅವನು ಒಂದು ಮುದ್ದೆಯನ್ನೂ ಮುಟ್ಟಲಿಲ್ಲ ಎಂಬುದೇ ನನ್ನ ಪಾಲಿಗೆ ಆ ಚಳವಳಿಯ ದೊಡ್ಡ ತ್ಯಾಗ.

ಆಶ್ವಯುಜದಲ್ಲಿ ರಾಜಿಯಾಯಿತು. ಜನರ ಸರ್ಕಾರ ಬರುತ್ತದೆಂದು ಸಾರಿದರು, ಜೈಲಿನ ಬಾಗಿಲು ತೆರೆಯಿತು, ಸ್ವಲ್ಪ ದಿನಕ್ಕೆ ಹಾಸನಮ್ಮನ ಬಾಗಿಲೂ ತೆರೆಯಿತು. ಸುಬ್ಬರಾಯರು ನಮ್ಮ ಜಗಲಿಗೆ ಬಂದರು. ಇನ್ನಷ್ಟು ಸೊರಗಿದ್ದರು. ಕೆಲಸ ವಾಪಸು ಸಿಕ್ಕಿರಲಿಲ್ಲ. ಪರೀಕ್ಷೆಯ ತನಕ ಪಾಠ ಇಲ್ಲೇ ಹೇಳ್ತೀನಿ ಎಂದು ಪುಸ್ತಕ ಬಿಚ್ಚಿದರು.

"ಎಲ್ಲಿಗೆ ನಿಲ್ಲಿಸಿದ್ದೆ?"

"ಅದ್ಯಕ್ಸನ್ ಇಚಾರಣೆ ಸಾ. ಉಳ್ದ್ನೋ ಓದ್ನೋ ಯೋಳ್ನೇ ಇಲ್ಲ ನೀವು" ಎಂದ ಶಿವನಂಜ.

"ಉಳಿದ ಕಣಯ್ಯ. ಒಂದೇ ಒಂದು ಓಟಿನಲ್ಲಿ ಉಳಿದ."

ಕಂಬಕ್ಕೊರಗಿ ಕೂತಿದ್ದ ಕೆಂಚ ನಿಧಾನವಾಗಿ ಹೇಳಿದ: "ನಂಗೆ ಒಂದೂ ಬೀಳ್ಳಿಲ್ಲ ಸಾ. ಅದ್ಕೇ ನೀವು ಉಳ್ಕಂಡ್ರಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

ಇಂಟರ್‌ಮೀಡಿಯೆಟ್ ಪರೀಕ್ಷೆ ಬರೆದ ಮೇಲೆ ಕೆಂಚ ಓದು ಮುಂದುವರಿಸಲಿಲ್ಲ, ಊರಿಗೆ ಹೋಗಿ ಬೇಸಾಯ ಹಿಡಿದ. ತಾಲ್ಲೂಕು ಬೋರ್ಡಿಗೆ ನಿಲ್ಲು ಎಂದು ಜನ ಮನೆ ಬಾಗಿಲಿಗೆ ಬಂದಾಗಲೆಲ್ಲ ನನ್ನ ಹೆಸರು ಹೇಳುತ್ತಿದ್ದ. "ನಾ ಅಧಿಕಾರ ಮಾಡಂಗಿಲ್ಲ ಅಂತ ತೀರ್ಪಾಗೈತೆ. ಬೇಕಾದ್ರೆ ನನ್ನ ಲಾಯರ್ನೇ ಕೇಳಿ, ಅವ್ನೂ ಕೈ ಎತ್ತವ್ನೆ." ಈಗ ಅವನೂ ಇಲ್ಲ.

ಸ್ವಾತಂತ್ರ್ಯದ ಮರುವರ್ಷ ಬೇಸಿಗೆಯ ಆ ಪರೀಕ್ಷೆಯಲ್ಲಿ ನನ್ನ ಪುಣ್ಯಕ್ಕೆ ಅದೇ ಪ್ರಶ್ನೆ ಬಂತು. ಅಮೆರಿಕದ ಅಧ್ಯಕ್ಷನನ್ನು ಇಳಿಸುವ ಕ್ರಮವನ್ನು ವಿವರಿಸಿ, ಹಾಗೆ ಯಾರಾದರೂ ಅಧಿಕಾರ ಕಳೆದುಕೊಂಡಿದ್ದಾರೆಯೇ ತಿಳಿಸಿ. ಪುಟಗಟ್ಟಲೆ ಬರೆದೆ. ಕೊನೆಗೆ, ಇಂದಿನವರೆಗೆ ಯಾವ ಅಧ್ಯಕ್ಷನೂ ಹೀಗೆ ಅಧಿಕಾರ ಕಳೆದುಕೊಂಡಿಲ್ಲ ಎಂದು ಬರೆಯಬೇಕಾಗಿತ್ತು. ಅದೇ ಸರಿಯಾದ ಉತ್ತರ, ಅಂಕ ಇದ್ದದ್ದೂ ಅದಕ್ಕೇ. ಹಾಗೆ ಇಳಿದ ಅಧ್ಯಕ್ಷನೊಬ್ಬನನ್ನು ಕಣ್ಣಾರೆ ಕಂಡವನು ನಾನು, ತಲೆ ಎತ್ತಿ ಮುಂದೆ ನೋಡಿದೆ. ಎರಡು ಬೆಂಚು ಮುಂದೆ ಕೆಂಚೇಗೌಡ ಬೆನ್ನು ಬಗ್ಗಿಸಿ, ಆ ದಪ್ಪ ಬೆರಳುಗಳಲ್ಲಿ ಲೇಖನಿ ಹಿಡಿದು, ಅದೇ ವಾಕ್ಯವನ್ನು ಬರೆಯುತ್ತಿದ್ದ.